94 ಸೆಕೆಂಡಿನ ಬುಷ್ 71ಕ್ಕೆ ಇಳಿದಿದೆ. ಕಂಪನಿಗೆ ಹೇಳಬೇಕಾ, ಬೇಡವಾ?

ಸಿಡ್ಕೋ ಬುಷ್ (ಹೊಸೂರು)

ಎಲ್ಲರಿಗೂ ನಮಸ್ಕಾರ. ಹೊಸೂರಿನ ಸಿಡ್ಕೋ ಕೈಗಾರಿಕಾ ಪ್ರದೇಶದಲ್ಲಿ ನಮ್ಮದು ಆರು ಸಿಎನ್‌ಸಿ (ಕಂಪ್ಯೂಟರ್ ನಡೆಸುವ ಲೇತ್) ಇರುವ ಟರ್ನಿಂಗ್ ಶಾಪ್. ಬೈಕುಗಳ ಸಸ್ಪೆನ್ಶನ್ ಮಾಡುವ ಒಂದು ಕಂಪನಿಗೆ ಬುಷ್, ಅಂದರೆ ಉಕ್ಕಿನ ಸಣ್ಣ ಕೊಳವೆ, ಮಾಡಿ ಕೊಡುತ್ತೇವೆ. ತಿಂಗಳಿಗೆ 40,000 ಪೀಸ್. ಹೊರಗೆ 22 ಮಿ.ಮೀ., ಬೋರ್ (ಒಳಗಿನ ತೂತು) 16 ಎಚ್7. ಅಂದರೆ ಬೋರಿನ ಅಳತೆಯಲ್ಲಿ ಹೆಚ್ಚುಕಡಿಮೆ ಆಗಲು ನಮಗೆ ಸಿಗುವ ಜಾಗ 18 ಮೈಕ್ರಾನ್ ಅಷ್ಟೇ.

ಇಷ್ಟು ವರ್ಷ ಒಂದು ಪೀಸಿಗೆ 94 ಸೆಕೆಂಡ್ ಹಿಡಿಯುತ್ತಿತ್ತು. ಈಗ ಪೀಸನ್ನು ಮೂರು ಹಲ್ಲುಗಳಿಂದ ಒತ್ತಿ ಹಿಡಿಯುವ ಮೂರು ಜಾ ಚಕ್ ತೆಗೆದು, ಸುತ್ತಲೂ ಸಮನಾಗಿ ಹಿಡಿಯುವ ಕಾಲೆಟ್ ಹಾಕಿದ್ದೇವೆ. ಎರಡು ಸೆಟಪ್ (ಪೀಸನ್ನು ಮೆಷಿನ್‌ಗೆ ಕೂರಿಸುವುದು) ಇದ್ದದ್ದನ್ನು ಒಂದು ಮಾಡಿದ್ದೇವೆ. ಇನ್‌ಸರ್ಟ್ (ಲೋಹ ಕೊಯ್ಯುವ ಅಲಗು) ಕೂಡ ಬದಲಾಗಿದೆ. ಈಗ 71 ಸೆಕೆಂಡ್. ಇದಕ್ಕೆ ಖರ್ಚಾಗಿದ್ದು 1.8 ಲಕ್ಷ ಮತ್ತು ಎರಡು ತಿಂಗಳ ಭಾನುವಾರಗಳು.

ಹೋದ ವಾರ ಕಂಪನಿಯ ಪರ್ಚೇಸ್‌ನಿಂದ ಒಂದು ಕಾಸ್ಟ್ ಶೀಟ್ ಬಂದಿದೆ. ಮೆಟೀರಿಯಲ್, ಸೈಕಲ್ ಟೈಮ್, ಮೆಷಿನ್ ಅವರ್ ರೇಟ್, ಟೂಲ್, ರಿಜೆಕ್ಷನ್, ಲಾಭ, ಎಲ್ಲವನ್ನೂ ಬಿಡಿಸಿ ಬರೆದುಕೊಡಿ ಅಂತ. ಜೊತೆಗೆ ‘ವೆಂಡರ್‌ಗಳು ನಮ್ಮ ಪಾಲುದಾರರು’ ಎಂಬ ಪತ್ರವೂ ಇದೆ. ನಮ್ಮ ಮೆಷಿನ್ ದರ ಗಂಟೆಗೆ 360 ರೂಪಾಯಿ, ಸೆಕೆಂಡಿಗೆ 10 ಪೈಸೆ. 71 ಅಂತ ಬರೆದರೆ ಪೀಸಿಗೆ 2 ರೂಪಾಯಿ 30 ಪೈಸೆ ಇಳಿಸಿ ಅನ್ನುತ್ತಾರೆ. ತಿಂಗಳಿಗೆ 92,000. 94 ಅಂತಲೇ ಬರೆದರೆ ಸುಳ್ಳು. ಅದಕ್ಕೂ ಮನಸ್ಸು ಒಪ್ಪುತ್ತಿಲ್ಲ. ಈ ಶೀಟ್ ತುಂಬಿ ಅನುಭವ ಇರುವವರು ಹೇಳಿ.

ಶೂಲಗಿರಿ ಶೀಟ್‌ಮೆಟಲ್

ಹೇಳಬೇಡಿ ಅಣ್ಣ. ನಾನು ಹೇಳಿ ಕೆಟ್ಟವನು.

ಕೆಲವು ವರ್ಷದ ಹಿಂದೆ ಒಂದು ಬ್ರಾಕೆಟ್‌ಗೆ ಬ್ಲ್ಯಾಂಕಿಂಗ್ ಲೇಔಟ್ (ಶೀಟಿನಿಂದ ಪೀಸ್ ಕತ್ತರಿಸುವ ಜೋಡಣೆ) ಬದಲಿಸಿದೆ. ಶೀಟಿನ ಮೇಲೆ ಪೀಸುಗಳನ್ನು ಒಂದಕ್ಕೊಂದು ತಲೆಕೆಳಗಾಗಿ ಜೋಡಿಸಿದರೆ ಸ್ಕ್ರ್ಯಾಪ್ ಕಡಿಮೆ ಆಗುತ್ತದೆ ಅಂತ ಗೊತ್ತಾಯಿತು. ಡೈ (ಕತ್ತರಿಸುವ ಅಚ್ಚು) ನನ್ನ ಖರ್ಚಿನಲ್ಲೇ ಮಾಡಿಸಿದೆ. ಪಾರ್ಟ್‌ನರ್ ಅಂದರಲ್ಲಾ ಅಂತ ಖುಷಿಯಿಂದ ಹೋಗಿ ತೋರಿಸಿದೆ. ಮುಂದಿನ ತಿಂಗಳಿನಿಂದಲೇ ರೇಟು ಇಳಿಯಿತು. ಅದನ್ನಾದರೂ ಸಹಿಸಬಹುದಿತ್ತು. ನಾಲ್ಕು ತಿಂಗಳಿಗೆ ಇನ್ನೊಬ್ಬ ವೆಂಡರ್ ಕೈಯಲ್ಲಿ ನನ್ನದೇ ಲೇಔಟ್ ಇತ್ತು, ಕೊಟೇಶನ್ ಕೊಡಲು. ಡೈ ಹಣ ಇನ್ನೂ ಅರ್ಧ ಬಂದಿರಲಿಲ್ಲ. ಆ ಕಂಪನಿ ಹೆಸರು ಇಲ್ಲಿ ಬೇಡ. ಆವತ್ತಿನಿಂದ ನಾನು ಯಾವ ಸುಧಾರಣೆಯನ್ನೂ ಬಾಯಿ ಬಿಟ್ಟು ಹೇಳಿಲ್ಲ.

ಬಾಗಲೂರು ರಸ್ತೆ

ನಾನು 19 ವರ್ಷ ಆ ಕಡೆ ಕೂತಿದ್ದವನು, ಪರ್ಚೇಸ್‌ನಲ್ಲಿ. ಈಗ ಬಿಟ್ಟಿದ್ದೇನೆ. ಶೂಲಗಿರಿಯವರಿಗೆ ಆದದ್ದು ಅನ್ಯಾಯ. ನಮ್ಮವರು ಹಾಗೆ ಮಾಡುವುದನ್ನು ಕಣ್ಣಾರೆ ಕಂಡಿದ್ದೇನೆ. ಯಾಕೆ ಹಾಗೆ ಮಾಡುತ್ತಾರೆ ಅಂದರೆ, ಪರ್ಚೇಸ್‌ನವನಿಗೆ ಪ್ರತಿ ವರ್ಷ ‘ಇಷ್ಟು ಪರ್ಸೆಂಟ್ ಇಳಿಸು’ ಎಂಬ ಗುರಿ ಕೊಡುತ್ತಾರೆ. ಅವನ ಇನ್‌ಕ್ರಿಮೆಂಟ್ ನಿಂತಿರುವುದು ಅದರ ಮೇಲೆ. ಮುಂದಿನ ವರ್ಷ ನೀವು ಇರುತ್ತೀರೋ ಇಲ್ಲವೋ ಎಂಬುದಕ್ಕೆ ಅವನಿಗೆ ಅಂಕ ಇಲ್ಲ. ಪಾಲುದಾರ ಪತ್ರ ಬರೆಯುವವರು ಬೇರೆ, ರೇಟು ಮಾತಾಡುವವರು ಬೇರೆ.

ಇದು ಹಳೆಯ ಜಗಳ. 1992ರಲ್ಲಿ ಜನರಲ್ ಮೋಟರ್ಸ್‌ನ ಪರ್ಚೇಸ್ ಮುಖ್ಯಸ್ಥರಾದ ಹೋಸೆ ಇಗ್ನಾಸಿಯೊ ಲೋಪೆಸ್ ಇದ್ದ ಕಾಂಟ್ರಾಕ್ಟುಗಳನ್ನು ಮತ್ತೆ ಬಿಚ್ಚಿ, ಎಲ್ಲರೂ ಹೊಸದಾಗಿ ಕೊಟೇಶನ್ ಹಾಕಿ ಅಂದರು. ತಮ್ಮ ಡ್ರಾಯಿಂಗ್ ಎದುರಾಳಿಗಳಿಗೆ ಹೋಗುತ್ತಿದೆ ಅಂತ ಸಪ್ಲೈಯರ್‌ಗಳು ದೂರಿದರು. 1993ರಲ್ಲಿ ಅವರು ಫೋಕ್ಸ್‌ವ್ಯಾಗನ್‌ಗೆ ಹೋದರು. ಹಣ ಉಳಿಯಿತು ನಿಜ. ಆದರೆ ಹೊಸ ಐಡಿಯಾ ಇದ್ದವರು ಅದನ್ನು ಬೇರೆ ಕಂಪನಿಗೆ ಒಯ್ಯತೊಡಗಿದರು.

ಅದೇ ಕಾಲದಲ್ಲಿ ಕ್ರೈಸ್ಲರ್ ಬೇರೆ ದಾರಿ ಹಿಡಿದಿತ್ತು. ಸ್ಕೋರ್ ಅಂತ ಆ ಯೋಜನೆಯ ಹೆಸರು. ಸಪ್ಲೈಯರ್ ಒಂದು ಉಳಿತಾಯದ ದಾರಿ ತೋರಿಸಿದರೆ ಅದರಲ್ಲಿ ಅರ್ಧ ಅವನದೇ. ಬೇಕಾದರೆ ತನ್ನ ಪಾಲನ್ನೂ ಬಿಟ್ಟುಕೊಟ್ಟು ಅಂಕ ಗಳಿಸಬಹುದು. ಸುಮಾರು 2,500 ಇದ್ದ ಸಪ್ಲೈಯರ್‌ಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು, ಉಳಿದವರಿಗೆ ಜಾಸ್ತಿ ಕೆಲಸ ಕೊಟ್ಟರು. 1998ರಲ್ಲಿ ಡೈಮ್ಲರ್ ಜೊತೆ ಸೇರಿದರು, ಆಮೇಲೆ ನಷ್ಟ ಬಂತು. 2001ರ ಜನವರಿ 1ರಿಂದ ಎಲ್ಲರೂ 5 ಪರ್ಸೆಂಟ್ ಇಳಿಸಿ ಅಂತ ಒಂದೇ ಆದೇಶ ಹೋಯಿತು. ಹತ್ತು ವರ್ಷ ಕಟ್ಟಿದ್ದು ಒಂದು ಪತ್ರದಲ್ಲಿ ಹೋಯಿತು.

ಹಾಗಾಗಿ ನನ್ನ ಮಾತು ಇಷ್ಟೇ. ಹೇಳಿ, ಆದರೆ ಹಂಚಿಕೆ ಹೇಗೆ ಅಂತ ಬರಹದಲ್ಲಿ ಬಂದ ಮೇಲೆ ಹೇಳಿ. ಮೊದಲು ನಿಯಮ, ಆಮೇಲೆ ನಂಬರ್.

ಮತ್ತಿಗಿರಿ ಟೂಲ್‌ರೂಮ್

ನಾನು ರಿಟೈರ್ ಆದವನು. ಹೊಸೂರಿನಲ್ಲಿ 1980ರ ಸುಮಾರಿಗೆ ಅಶೋಕ್ ಲೇಲ್ಯಾಂಡ್, ಟಿವಿಎಸ್ ಎರಡೂ ಶುರುವಾದವು. ಸಿಪ್‌ಕಾಟ್ ಕೈಗಾರಿಕಾ ಪ್ರದೇಶದ ಸುತ್ತ ಆಗ ರಾಗಿ ಹೊಲ. ಲೇತ್ ತಿರುಗಿಸಲು ಬರುವವನು ಸಿಕ್ಕರೆ ಸಾಕಿತ್ತು, ಅವನನ್ನೇ ವೆಂಡರ್ ಮಾಡುತ್ತಿದ್ದರು. ಗೇಜ್ (ಅಳತೆಯ ಸಾಧನ) ಕೊಟ್ಟು, ಹೇಗೆ ಹಿಡಿಯಬೇಕು ಅಂತ ತೋರಿಸಿ ಬರುತ್ತಿದ್ದೆವು.

ಆಮೇಲೆ ಜಪಾನಿನ ಗುಣಮಟ್ಟದ ಪಾಠ ಬಂತು. 1998ರಲ್ಲಿ ಚೆನ್ನೈನ ಸುಂದರಂ ಕ್ಲೇಟನ್‌ಗೆ ಡೆಮಿಂಗ್ ಪ್ರಶಸ್ತಿ, ಭಾರತದ ಕಂಪನಿಗೆ ಮೊದಲ ಸಲ. 2002ರಲ್ಲಿ ನಮ್ಮ ಟಿವಿಎಸ್ ಮೋಟರ್‌ಗೂ ಬಂತು. ಈ ನಡುವೆ 1999ರಲ್ಲಿ ವಿಶ್ವಸಂಸ್ಥೆಯ ಕೈಗಾರಿಕಾ ಸಂಸ್ಥೆ ಯುನಿಡೋ ಮತ್ತು ಬಿಡಿಭಾಗ ತಯಾರಕರ ಸಂಘ ಆಕ್ಮಾ ಸೇರಿ ಸಣ್ಣ ಘಟಕಗಳಿಗೆ ಕಾರ್ಯಕ್ರಮ ಶುರು ಮಾಡಿದವು. ಕ್ಲಸ್ಟರ್ ಪದ್ಧತಿ ಹಬ್ಬಿತು. ಹತ್ತಾರು ವೆಂಡರ್‌ಗಳು ಗುಂಪಾಗಿ ಒಬ್ಬರ ಶಾಪಿಗೆ ಇನ್ನೊಬ್ಬರು ಹೋಗಿ ನೋಡುವುದು. ಮೊದಲ ಸಲ ಹೋದಾಗ ಎಲ್ಲರೂ ತಮ್ಮ ಫಿಕ್ಸ್ಚರ್ (ಪೀಸ್ ಹಿಡಿದಿಡುವ ಸಾಧನ) ಮೇಲೆ ಬಟ್ಟೆ ಮುಚ್ಚಿದ್ದರು. ಒಂದು ವರ್ಷ ಆದ ಮೇಲೆ ಅದೇ ಜನ ಒಬ್ಬರಿಗೊಬ್ಬರು ಇನ್‌ಸರ್ಟ್ ಸಾಲ ಕೊಡುತ್ತಿದ್ದರು. ಅದನ್ನು ನೋಡಿದವನು ನಾನು. ನಂಬಿಕೆ ಬರುವುದಿಲ್ಲ ಅಂತ ಯಾರೂ ಹೇಳಬೇಡಿ, ಬರುತ್ತದೆ.

ಸಿಡ್ಕೋ ಬುಷ್ ಅವರಿಗೆ ಒಂದು ಪ್ರಶ್ನೆ. ಕಾಲೆಟ್ ಹಾಕುವ ಯೋಚನೆ ಯಾರದು?

ಸಿಡ್ಕೋ ಬುಷ್ (ಹೊಸೂರು)

ಒಳ್ಳೆ ಜಾಗಕ್ಕೇ ಕೈ ಇಟ್ಟಿರಿ ಸರ್. ಅದನ್ನು ಮೊದಲೇ ಬರೆಯಬೇಕಿತ್ತು.

ಮಾರ್ಚ್‌ನಲ್ಲಿ ಎರಡು ಲಾಟ್ ವಾಪಸ್ ಬಂತು. ನಮ್ಮಲ್ಲಿ ಪೀಸ್ ಚಕ್‌ನಲ್ಲಿ ಇರುವಾಗ ಪ್ಲಗ್ ಗೇಜ್ (ತೂತಿನ ಅಳತೆ ನೋಡುವ ಕಡ್ಡಿ) ಸಲೀಸಾಗಿ ಹೋಗುತ್ತಿತ್ತು, ಅವರ ಅಸೆಂಬ್ಲಿಯಲ್ಲಿ ಬುಷ್ ಬಿಗಿ ಅನ್ನುತ್ತಿದ್ದರು. ಕಂಪನಿಯ ಸಪ್ಲೈಯರ್ ಕ್ವಾಲಿಟಿಯ ಹುಡುಗ ಒಬ್ಬ ಭಾನುವಾರ ಬಂದ. ಬಂದವನು ಆಫೀಸಿಗೆ ಬರಲೇ ಇಲ್ಲ. ನಾಲ್ಕು ಗಂಟೆ ಮೆಷಿನ್ ಪಕ್ಕ ನಿಂತ. ಚಕ್‌ನಲ್ಲಿ ಹಿಡಿದಿರುವಾಗಲೇ ಒಂದು ಪೀಸಿನ ಬೋರ್ ಅಳೆದ, ಸರಿ ಇತ್ತು. ಬಿಡಿಸಿ ತೆಗೆದು, ಮೂರು ಕಡೆ ಮುಟ್ಟುವ ಬೋರ್ ಗೇಜ್ ಇಟ್ಟು ಪೀಸನ್ನು ಕೈಯಲ್ಲಿ ನಿಧಾನ ತಿರುಗಿಸಿದ. ಮುಳ್ಳು ಒಂದು ಸುತ್ತಿನಲ್ಲಿ ಮೂರು ಸಲ ಏರಿ ಮೂರು ಸಲ ಇಳಿಯಿತು. ‘ಸರ್, ಮೂರು ಜಾ ಒತ್ತಿದ ಗುರುತು ಇದು’ ಅಂದ. 3 ಮಿ.ಮೀ. ದಪ್ಪದ ಬುಷ್. ಹಿಡಿದಾಗ ಒತ್ತಿ ಕೂರುತ್ತದೆ, ಬಿಟ್ಟಾಗ ಅರಳುತ್ತದೆ. ಹತ್ತು ವರ್ಷದಿಂದ ಅದೇ ಚಕ್ ನೋಡುತ್ತಿದ್ದೇನೆ, ನನಗೆ ಹೊಳೆದಿರಲಿಲ್ಲ.

ಕಾಲೆಟ್ ಅವನ ಮಾತು. ಒಂದೇ ಸೆಟಪ್ ಮಾಡಿದ್ದು, ಇನ್‌ಸರ್ಟ್ ಹುಡುಕಿದ್ದು ನಮ್ಮ ಆಪರೇಟರ್ ಮತ್ತು ನಾನು. ಹಣ ನನ್ನದು.

ಮತ್ತಿಗಿರಿ ಟೂಲ್‌ರೂಮ್

ಹಾಗಾದರೆ 71 ಸೆಕೆಂಡನ್ನು ಬಚ್ಚಿಡುವುದು ಆ ಹುಡುಗನಿಂದ ಬಚ್ಚಿಟ್ಟ ಹಾಗೆ. ಅವನು ಮತ್ತೆ ಬಂದೇ ಬರುತ್ತಾನೆ, ಮೆಷಿನ್ ಪಕ್ಕ ನಿಂತರೆ ಅವನಿಗೆ ಗೊತ್ತಾಗುತ್ತದೆ. ಇಂಥವರು ಸಿಗುವುದು ಅಪರೂಪ. ಅವನನ್ನು ಕಳೆದುಕೊಳ್ಳಬೇಡಿ.

ಲೆಕ್ಕದಕ್ಕ (ಡೆಂಕಣಿಕೋಟೆ)

ನಾನು ಹೊಸೂರಿನ ಕೆಲವು ಸಣ್ಣ ಘಟಕಗಳ ಲೆಕ್ಕ ಬರೆಯುತ್ತೇನೆ. ನೀವೆಲ್ಲ 2.30 ಉಳಿಯಿತು ಅಂತ ಒಪ್ಪಿಕೊಂಡೇ ಮಾತಾಡುತ್ತಿದ್ದೀರಿ. ಆ 2.30 ಎಲ್ಲಿದೆ?

ಗಂಟೆಗೆ 360ರಲ್ಲಿ ಏನೇನಿದೆ ನೋಡಿ. ಮೆಷಿನ್ ಇಎಂಐ, ಆಪರೇಟರ್ ಸಂಬಳ, ಶೆಡ್ ಬಾಡಿಗೆ, ಕರೆಂಟು. 23 ಸೆಕೆಂಡ್ ಉಳಿಸಿದರೆ ಇಎಂಐ ಕಡಿಮೆ ಆಗುತ್ತಾ? ಬಾಡಿಗೆ? ನಿಜವಾಗಿ ಕೈಯಲ್ಲಿ ಉಳಿಯುವುದು ಸ್ವಲ್ಪ ಕರೆಂಟು, ಸ್ವಲ್ಪ ಇನ್‌ಸರ್ಟ್. ಪೀಸಿಗೆ 40 ಪೈಸೆ ಅಂತಿಟ್ಟುಕೊಳ್ಳಿ. ತಿಂಗಳಿಗೆ 16,000. ಅದರಲ್ಲಿ ನಿಮ್ಮ 1.8 ಲಕ್ಷ ವಾಪಸ್ ಬರಲು 11 ತಿಂಗಳಿಗೂ ಜಾಸ್ತಿ ಬೇಕು. ಬಾಗಲೂರು ರಸ್ತೆಯವರು ಹೇಳಿದ ಹಾಗೆ ಅರ್ಧ ಹಂಚಿಕೊಂಡರೂ 1.15 ಇಳಿಯುತ್ತದೆ, ತಿಂಗಳಿಗೆ 46,000. ಅಂದರೆ ಸುಧಾರಣೆ ಮಾಡಿದ್ದಕ್ಕೆ ನೀವು ತಿಂಗಳಿಗೆ 30,000 ಕೈಯಿಂದ ಕೊಟ್ಟ ಹಾಗೆ.

ನಿಮಗೆ ಉಳಿದಿರುವುದು ಹಣ ಅಲ್ಲ, ಹೊತ್ತು. 40,000 ಪೀಸಿಗೆ 23 ಸೆಕೆಂಡ್ ಅಂದರೆ ತಿಂಗಳಿಗೆ 255 ಗಂಟೆ. ಆ ಗಂಟೆ ತುಂಬಲು ಕೆಲಸ ಬಂದರೆ ಮಾತ್ರ ಅದು ಹಣ. ಹಾಗಾಗಿ ಶೀಟ್ ತುಂಬುವಾಗ 71 ಅಂತಲೇ ಬರೆಯಿರಿ. ಪಕ್ಕದಲ್ಲಿ 255 ಗಂಟೆ ಖಾಲಿ ಇದೆ, ಇದಕ್ಕೆ ಕೆಲಸ ಕೊಡಿ, ಆಗ ರೇಟಿನ ಮಾತು ಆಡೋಣ ಅಂತಲೂ ಬರೆಯಿರಿ.

ಇನ್ನೊಂದು. ನಿಮಗೆ ಎಷ್ಟು ದಿನಕ್ಕೆ ಪೇಮೆಂಟ್ ಬರುತ್ತಿದೆ? ಮತ್ತು ನೀವು ಪೀಸ್ ಕಾಯಿಸಿ ಗಟ್ಟಿ ಮಾಡುವ ಹೀಟ್ ಟ್ರೀಟ್‌ಮೆಂಟ್, ಲೋಹದ ಲೇಪ ಹಾಕುವ ಪ್ಲೇಟಿಂಗ್‌ನವರಿಗೆ ಎಷ್ಟು ದಿನಕ್ಕೆ ಕೊಡುತ್ತೀರಿ?

ಸಿಡ್ಕೋ ಬುಷ್ (ಹೊಸೂರು)

ಅಕ್ಕ, ಆ ಲೆಕ್ಕವನ್ನು ರಾತ್ರಿ ಎರಡು ಸಲ ಮಾಡಿ ನೋಡಿದೆ. ಸರಿಯಾಗಿದೆ. ಇದನ್ನು ಯಾರೂ ನನಗೆ ಹೀಗೆ ಹೇಳಿರಲಿಲ್ಲ.

ನನಗೆ 72 ದಿನಕ್ಕೆ ಬರುತ್ತದೆ. ಪ್ಲೇಟಿಂಗ್‌ನವರಿಗೆ ನಾನು 75 ದಿನಕ್ಕೆ ಕೊಡುತ್ತಿದ್ದೇನೆ.

ಲೆಕ್ಕದಕ್ಕ (ಡೆಂಕಣಿಕೋಟೆ)

ಮುಚ್ಚಿಡದೆ ಹೇಳಿದ್ದಕ್ಕೆ ಥ್ಯಾಂಕ್ಸ್. ಕಾನೂನು ಇಬ್ಬರಿಗೂ ಒಂದೇ. 2006ರ ಎಂಎಸ್‌ಎಂಇಡಿ (ಸಣ್ಣ ಉದ್ಯಮಗಳ) ಕಾಯ್ದೆ ಪ್ರಕಾರ ಸೂಕ್ಷ್ಮ, ಸಣ್ಣ ಘಟಕಗಳಿಗೆ ಒಪ್ಪಂದ ಇದ್ದರೂ 45 ದಿನ ಮೀರಬಾರದು. ಒಪ್ಪಂದ ಇಲ್ಲದಿದ್ದರೆ 15 ದಿನ. ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. 2023ರ ಬಜೆಟ್‌ನಲ್ಲಿ ಆದಾಯ ತೆರಿಗೆ ಕಾಯ್ದೆಗೆ 43ಬಿ (ಎಚ್) ಕಲಮು ಸೇರಿಸಿದರು, 2024ರ ಏಪ್ರಿಲ್ 1ರಿಂದ ಜಾರಿ. ಹೊತ್ತಿಗೆ ಸರಿಯಾಗಿ ಕೊಡದ ಬಿಲ್ಲನ್ನು ಕೊಳ್ಳುವವರು ಆ ವರ್ಷದ ಖರ್ಚಿನಲ್ಲಿ ತೋರಿಸುವ ಹಾಗಿಲ್ಲ. ನಿಜವಾಗಿ ಹಣ ಕೊಟ್ಟ ವರ್ಷವೇ ತೋರಿಸಬೇಕು.

ತಡವಾದ ಪೇಮೆಂಟ್ ಬಗ್ಗೆ ಸರ್ಕಾರದ ಪೋರ್ಟಲ್‌ನಲ್ಲಿ ದೂರು ಕೊಡಬಹುದು. ಆದರೆ ನಾನು ನೋಡಿದ ಮಟ್ಟಿಗೆ ಯಾರೂ ನಡೆಯುತ್ತಿರುವ ಗಿರಾಕಿ ಮೇಲೆ ದೂರು ಕೊಡುವುದಿಲ್ಲ. ಸಂಬಂಧ ಹರಿದ ಮೇಲೆ ಕೊಡುತ್ತಾರೆ. ಅದಕ್ಕೆ ಟ್ರೆಡ್ಸ್ (ಬಿಲ್ ಮೇಲೆ ಬ್ಯಾಂಕಿನಿಂದ ಮುಂಚೆಯೇ ಹಣ ಪಡೆಯುವ ಆನ್‌ಲೈನ್ ವ್ಯವಸ್ಥೆ) ಕೇಳಿ. ಕಂಪನಿ ನಿಮ್ಮ ಬಿಲ್ ಒಪ್ಪಿದರೆ ಬ್ಯಾಂಕಿನವರು ಕೆಲವೇ ದಿನದಲ್ಲಿ ಹಣ ಹಾಕುತ್ತಾರೆ. ಬಡ್ಡಿ ಕಂಪನಿಯ ಸಾಲದ ಯೋಗ್ಯತೆ ನೋಡಿ ನಿಗದಿ ಆಗುತ್ತದೆ, ನಿಮ್ಮದು ನೋಡಿ ಅಲ್ಲ. ಕಂಪನಿ ಕೊಡದಿದ್ದರೂ ಬ್ಯಾಂಕ್ ನಿಮ್ಮ ಹಿಂದೆ ಬರುವುದಿಲ್ಲ. 250 ಕೋಟಿಗಿಂತ ಜಾಸ್ತಿ ವಹಿವಾಟಿನ ಕಂಪನಿಗಳು ಅಲ್ಲಿ ನೋಂದಣಿ ಮಾಡಲೇಬೇಕು.

ಶಿರೋಳಿ ಎರಕ (ಕೊಲ್ಲಾಪುರ)

ನಮಸ್ಕಾರ ರೀ. ನಾನು ಜತ್ ತಾಲ್ಲೂಕಿನವನು, ಕೆಲಸ ಶಿರೋಳಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ಎರಕ ಹೊಯ್ಯುವ ಒಂದು ಫೌಂಡ್ರಿಯಲ್ಲಿ. ನಮ್ಮ ಕಷ್ಟ ಇನ್ನೊಂದು ಥರ.

ಎರಕಕ್ಕೆ ರೇಟು ಕೆಜಿ ಲೆಕ್ಕ. ಒಂದು ಬ್ರಾಕೆಟ್ 3.4 ಕೆಜಿ ಇತ್ತು. ಎಲ್ಲಿ ಲೋಹ ಸುಮ್ನೆ ಕೂತಿದೆ ಅಂತ ನಮಗೆ ಗೊತ್ತು, ಯಾಕೆಂದರೆ ಕುಗ್ಗಿ ತೂತು ಬೀಳುವುದು ಅಲ್ಲೇ. ಅಲ್ಲಿ ಟೊಳ್ಳು ಮಾಡಿದರೆ 2.9 ಕೆಜಿ ಆಗುತ್ತದೆ, ರಿಜೆಕ್ಷನ್ ಕೂಡ ಇಳಿಯುತ್ತದೆ. ಗಾಡಿಯ ತೂಕ ಇಳಿಯಲಿ ಅಂತ ಕಂಪನಿಯವರು ದಿನಾ ಬಡಿದಾಡುತ್ತಾರೆ. ಆದರೆ ಕೆಜಿಗೆ 110 ಅಂದರೆ ನನ್ನ ಬಿಲ್ಲಿನಲ್ಲಿ ಪೀಸಿಗೆ 55 ರೂಪಾಯಿ ಹೋಗುತ್ತದೆ. ಲೋಹ, ಕರೆಂಟು ಸೇರಿ ನನಗೆ ಉಳಿಯುವುದು 30. ಮೋಲ್ಡ್ ಬಾಕ್ಸ್ ಅಷ್ಟೇ, ಮರಳು ಅಷ್ಟೇ, ಕೈ ಅಷ್ಟೇ. ಒಳ್ಳೆ ಸಲಹೆ ಕೊಟ್ಟರೆ ಪೀಸಿಗೆ 25 ರೂಪಾಯಿ ದಂಡ.

ಎರಡು ವರ್ಷ ಸುಮ್ಮನಿದ್ದೆವು. ಆಮೇಲೆ ಅವರ ಡಿಸೈನ್‌ನವರೊಬ್ಬರು ಫೌಂಡ್ರಿಗೆ ಬಂದಾಗ ನಮ್ಮ ಮಾಲೀಕರು ಎರಡು ತುಂಡು ಕೊಯ್ದಿಟ್ಟು ತೋರಿಸಿ, ಕೆಜಿ ಲೆಕ್ಕ ಬಿಟ್ಟು ಪೀಸ್ ಲೆಕ್ಕ ಮಾಡಿ, ಇದು ಕೊಡುತ್ತೇವೆ ಅಂದರು. ಆ ಒಂದು ಐಟಂಗೆ ಒಪ್ಪಿದರು. ಈಗ ನಾವೇ ಮುಂದಾಗಿ ಇನ್ನೂ ನಾಲ್ಕು ಐಟಂ ತೋರಿಸಿದ್ದೇವೆ. ರೇಟು ಹೇಗೆ ಕಟ್ಟಿದ್ದಾರೆ ಎಂಬುದರಲ್ಲೇ ಸಹಕಾರ ಇದೆಯೋ ಇಲ್ಲವೋ ಗೊತ್ತಾಗುತ್ತದೆ.

ಕಚ್ಚಾ ಮಾಲಿನ ರೇಟಿನದೂ ಹಾಗೆಯೇ. 2021ರಲ್ಲಿ ಸ್ಕ್ರ್ಯಾಪ್, ಪಿಗ್ ಐರನ್ ಏರಿದಾಗ ಹೊಸ ರೇಟು ಬರಲು ಮೂರು ತಿಂಗಳು ಕಾದೆವು. ಇಳಿದಾಗ ಮರುವಾರವೇ ಡೆಬಿಟ್ ನೋಟ್ (ಹಣ ಕಡಿತದ ಚೀಟಿ). ಯಾವ ತಿಂಗಳ ದರ, ಯಾವ ದಿನದಿಂದ ಜಾರಿ ಎಂಬುದು ಏರಿಕೆಗೂ ಇಳಿಕೆಗೂ ಒಂದೇ ಇರಬೇಕು. ನೀವೂ ಬಾರ್ ಸ್ಟೀಲ್‌ಗೆ ಇದನ್ನು ಬರೆಸಿಕೊಳ್ಳಿ.

ಮಡಕಶಿರಾ ಕ್ವಾಲಿಟಿ

ನಾನು ಪೆನುಕೊಂಡ ಹತ್ತಿರ ಒಂದನೇ ಹಂತದ, ಅಂದರೆ ಕಾರು ಕಂಪನಿಗೆ ನೇರವಾಗಿ ಮಾಲು ಕೊಡುವ, ಸಪ್ಲೈಯರ್ ಒಂದರಲ್ಲಿದ್ದೇನೆ. ಕಿಯಾ ಕಾರ್ಖಾನೆ 2019ರಲ್ಲಿ ಶುರುವಾದಾಗ ಕೊರಿಯಾದ ಅನೇಕ ಸಪ್ಲೈಯರ್‌ಗಳೂ ಜೊತೆಗೇ ಬಂದರು. ಬಂಪರ್, ಸೀಟು ಇಂಥವು ಲೈನಿನಲ್ಲಿ ಕಾರು ಬರುವ ಅದೇ ಕ್ರಮದಲ್ಲಿ ಹೋಗಬೇಕು. ಅಲ್ಲಿ ಜಗಳ ಮಾಡಲು ಸಮಯವೇ ಇಲ್ಲ. ಹಾಗಾಗಿ ಮೇಲಿನವರಿಬ್ಬರ ನಡುವೆ ಸಹಕಾರ ಚೆನ್ನಾಗಿಯೇ ಇರುತ್ತದೆ. ಅದು ಕೆಳಗೆ ಇಳಿಯುವುದಿಲ್ಲ. ಮೇಲಿನಿಂದ ಬಂದ ಒತ್ತಡವನ್ನು ನಾವು ಎರಡನೇ ಹಂತಕ್ಕೆ ತಳ್ಳುತ್ತೇವೆ, ಅವರು ಪ್ಲೇಟಿಂಗ್‌ನವರಿಗೆ ತಳ್ಳುತ್ತಾರೆ.

ಕೆಳಗಿನವರು ಎಷ್ಟು ಮುಖ್ಯ ಅಂತ ಗೊತ್ತಾಗುವುದು ಬೆಂಕಿ ಬಿದ್ದ ದಿನ. 1997ರ ಫೆಬ್ರವರಿ 1ರಂದು ಜಪಾನಿನ ಕರಿಯಾದಲ್ಲಿ ಐಸಿನ್ ಕಾರ್ಖಾನೆಗೆ ಬೆಂಕಿ ಬಿತ್ತು. ಟೊಯೋಟಾದ ಬ್ರೇಕಿಗೆ ಬೇಕಾದ ಒಂದು ಪುಟ್ಟ ವಾಲ್ವ್ ಹೆಚ್ಚುಕಡಿಮೆ ಎಲ್ಲಾ ಅಲ್ಲಿಂದಲೇ ಬರುತ್ತಿತ್ತು. ಟೊಯೋಟಾ ಲೈನುಗಳು ನಿಂತವು. ಐಸಿನ್ ಡ್ರಾಯಿಂಗ್‌ಗಳನ್ನು ಹಂಚಿತು. 200ಕ್ಕೂ ಜಾಸ್ತಿ ಘಟಕಗಳು ಕೈ ಹಾಕಿದವು, ಹೊಲಿಗೆ ಯಂತ್ರ ಮಾಡುವ ಬ್ರದರ್ ಕೂಡ. ಹಣ ಎಷ್ಟು, ಡ್ರಾಯಿಂಗ್ ಹಕ್ಕು ಯಾರದು ಅಂತ ಚೌಕಾಸಿ ನಡೆಯಲಿಲ್ಲ. ಮೂರ್ನಾಲ್ಕು ದಿನಕ್ಕೆ ಮೊದಲ ವಾಲ್ವ್‌ಗಳು ಬಂದವು. ಸುಮಾರು ಒಂದು ವಾರದಲ್ಲಿ ಲೈನುಗಳು ಮತ್ತೆ ಓಡಿದವು.

ಶೂಲಗಿರಿ ಶೀಟ್‌ಮೆಟಲ್

ಜಪಾನಿನ ಕಥೆ ಕೇಳಲು ಚೆಂದ. ಅಲ್ಲಿ ಹತ್ತಾರು ವರ್ಷ ಅದೇ ಸಪ್ಲೈಯರ್, ಶೇರು ಕೂಡ ಹಿಡಿದಿರುತ್ತಾರೆ. ಇಲ್ಲಿ 10 ಪೈಸೆಗೆ ಆರ್ಡರ್ ಬದಲಾಗುತ್ತದೆ. ನನಗೆ ಬೆಂಕಿ ಬಿದ್ದರೆ ಯಾರು ಬರುತ್ತಾರೆ?

ಬಾಗಲೂರು ರಸ್ತೆ

ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಆದರೆ ಅಲ್ಲಿಯೂ ಪೈಪೋಟಿ ಇಲ್ಲ ಅಂದುಕೊಳ್ಳಬೇಡಿ. ಟೊಯೋಟಾ ಸಾಮಾನ್ಯವಾಗಿ ಒಂದು ಬಗೆಯ ಭಾಗಕ್ಕೆ ಇಬ್ಬರು ಮೂವರನ್ನು ಇಟ್ಟುಕೊಳ್ಳುತ್ತದೆ. ಚೆನ್ನಾಗಿ ಮಾಡಿದವರಿಗೆ ಮುಂದಿನ ಮಾಡೆಲ್‌ನಲ್ಲಿ ಜಾಸ್ತಿ ಪಾಲು. ತಪ್ಪಿದವರಿಗೆ ಕಡಿಮೆ, ಆದರೆ ಮೊದಲು ಕಲಿಸಲು ಜನ ಕಳಿಸುತ್ತಾರೆ. ಕೋಪ ಬಂದ ತಿಂಗಳೇ ಕಿತ್ತುಹಾಕುವುದಿಲ್ಲ.

ಇಲ್ಲಿಯೂ ನಾನು ಒಂದು ನೋಡಿದ್ದೇನೆ. 2020ರ ಮಾರ್ಚ್ ಲಾಕ್‌ಡೌನ್. ಅತ್ತಿಬೆಲೆ ಗಡಿ ಬಂದ್. ಬೊಮ್ಮಸಂದ್ರದಲ್ಲಿ ಹೀಟ್ ಟ್ರೀಟ್‌ಮೆಂಟ್‌ಗೆ ಹೋದ ಮಾಲು ಅಲ್ಲೇ, ನಮ್ಮ ಹುಡುಗರು ಇಲ್ಲೇ. ಆಗ ನಮ್ಮ ಫೈನಾನ್ಸ್ ಮುಖ್ಯಸ್ಥರು ಸಣ್ಣ ವೆಂಡರ್‌ಗಳ ಬಾಕಿಯನ್ನೆಲ್ಲ ಏಪ್ರಿಲ್‌ನಲ್ಲೇ ಚುಕ್ತಾ ಮಾಡಿಸಿದರು, ಅವಧಿ ಆಗದ ಬಿಲ್ಲುಗಳನ್ನೂ. ನಾನು ಬೇಡ ಅಂದಿದ್ದೆ. ಜೂನ್‌ನಲ್ಲಿ ಲೈನ್ ಶುರುವಾದಾಗ ಬೇರೆಯವರು ಮಾಲಿಗಾಗಿ ಅಲೆಯುತ್ತಿದ್ದರು, ನಮಗೆ ಎಲ್ಲರೂ ಮೊದಲು ಕಳಿಸಿದರು. ಆವತ್ತು ನನ್ನ ಲೆಕ್ಕ ತಪ್ಪು, ಅವರದು ಸರಿ.

ಸಿಡ್ಕೋ ಬುಷ್ (ಹೊಸೂರು)

ಹದಿನೆಂಟು ದಿನ ಆದ ಮೇಲೆ ಬರೆಯುತ್ತಿದ್ದೇನೆ. ಮೀಟಿಂಗ್ ಆಯಿತು.

ಶೀಟ್‌ನಲ್ಲಿ 71 ಅಂತಲೇ ಬರೆದೆ. ಆದರೆ ಮೇಲ್‌ನಲ್ಲಿ ಕಳಿಸಲಿಲ್ಲ. ಆ ಕ್ವಾಲಿಟಿ ಹುಡುಗನನ್ನೂ ಕರೆಸಿ ಅಂತ ಕೇಳಿಕೊಂಡು ಕೈಯಲ್ಲಿ ತೆಗೆದುಕೊಂಡು ಹೋದೆ. ಪರ್ಚೇಸ್‌ನವರು ಮೊದಲು 2.30 ಅಂದರು, ನಿರೀಕ್ಷೆ ಇತ್ತು. ಅಕ್ಕನ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದೆ. ಇಎಂಐ, ಬಾಡಿಗೆ, 40 ಪೈಸೆ, 255 ಗಂಟೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಆ ಹುಡುಗ, ‘ಸರ್, ಆ ಸ್ಪೇಸರ್ (ಭಾಗಗಳ ನಡುವೆ ಅಂತರ ಇಡುವ ಬಳೆ) ಇವರಿಗೆ ಕೊಡಬಹುದಲ್ಲಾ, ಈಗಿನವರ ಹತ್ತಿರ ಕೆಪಾಸಿಟಿ ಇಲ್ಲ’ ಅಂದ.

ಒಪ್ಪಿದ್ದು ಹೀಗೆ. ಸ್ಪೇಸರ್ ತಿಂಗಳಿಗೆ 18,000 ಪೀಸ್, 45 ಸೆಕೆಂಡ್, ಅಂದರೆ 225 ಗಂಟೆ ತುಂಬುತ್ತದೆ. ಬುಷ್ ರೇಟು ಆರು ತಿಂಗಳು ಹಾಗೇ ಇರುತ್ತದೆ, ಆಮೇಲೆ 90 ಪೈಸೆ ಇಳಿಸುತ್ತೇನೆ. ಕಾಲೆಟ್ ಡ್ರಾಯಿಂಗ್ ನಮ್ಮ ಶಾಪಿನಿಂದ ಹೊರಗೆ ಹೋಗುವುದಿಲ್ಲ ಎಂಬ ಸಾಲನ್ನು ಸೇರಿಸಿ ಮೇಲ್ ಮಾಡಿದ್ದಾರೆ. ಶೂಲಗಿರಿ ಅಣ್ಣ, ಆ ಸಾಲು ನಿಮ್ಮ ಮಾತು ಕೇಳಿ ಹಾಕಿಸಿದ್ದು. ಬಾರ್ ಸ್ಟೀಲ್ ದರದ ಮಾತಿಗೆ ಇನ್ನೂ ಒಪ್ಪಿಲ್ಲ, ಮುಂದಿನ ಕ್ವಾರ್ಟರ್ ನೋಡೋಣ ಅಂದರು. ಪೇಮೆಂಟ್ ದಿನ ಇಳಿಸಲೂ ಒಪ್ಪಲಿಲ್ಲ. ಟ್ರೆಡ್ಸ್‌ಗೆ ಬಿಲ್ ಹಾಕುತ್ತಾರೆ, ಬಡ್ಡಿ ನಮ್ಮದೇ.

ಪ್ಲೇಟಿಂಗ್‌ನವರ ಹತ್ತಿರ ಹೋಗಿ ಇನ್ನು ಮೇಲೆ 45 ದಿನ ಅಂತ ಹೇಳಿ ಬಂದೆ. ಅವರು ಕೂರಿಸಿ ಕಾಫಿ ಕೊಟ್ಟರು. ನಮ್ಮ ಬುಷ್‌ಗಳನ್ನು ಜಿಗ್‌ಗೆ ನೇತುಹಾಕುವಾಗ ಬೋರಿನಲ್ಲಿ ದ್ರಾವಣ ನಿಂತುಬಿಡುತ್ತದೆ, ಚಾಂಫರ್ (ತೂತಿನ ಬಾಯಂಚಿನ ಇಳಿಜಾರು) ಅರ್ಧ ಮಿ.ಮೀ. ದೊಡ್ಡದು ಮಾಡಿದರೆ ನಿಲ್ಲುವುದಿಲ್ಲ ಅಂದರು. ಎಷ್ಟು ದಿನದಿಂದ ಗೊತ್ತು ಅಂತ ಕೇಳಿದೆ. ಮೂರು ವರ್ಷದಿಂದ ಅಂದರು.

ಸ್ಪೇಸರ್ ಕಾಲೆಟ್ ಬಂದಿದೆ. ಗುರುವಾರ ಮೊದಲ 50 ಪೀಸ್ ತೆಗೆಯುತ್ತೇವೆ. ಆ ಹುಡುಗನೂ ಬರುತ್ತಾನೆ.